ಚೌಕಿಯೊಳಗೆ ಬನ್ನಿ ಮಾರಾಯ್ರೆ: ಬಿ.ಎಡ್. ಮಾಡುವವರ ಜೊತೆ ಆಡಿದ ಮಾತು

ಮೊನ್ನೆ ಶನಿವಾರ ಉಡುಪಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಪ್ರಶಿಕ್ಷಣಾರ್ಥಿಗಳ ಎದುರು ಮಾತಾಡಿದ್ದು ಇದು. ಒಬ್ಬಳು ಹುಡುಗಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಟೈಪ್ ಮಾಡಿ ಕಳಿಸಿದ್ಲು, ನಾನು ಅಲ್ಲಲ್ಲಿ ಸರಿ ಮಾಡಿದ್ದೇನೆ, ಕೆಲವು ಕಡೆ ಅಲ್ಲಿ ಹೇಳಿದ್ದಕ್ಕಿಂತ ಜಾಸ್ತಿಯೇ ಬರೆದಿದ್ದೇನೆ, ರಿಟೈರ್ ಆದವರಿಗೆ ಟೈಮ್ ಇರ್ತದಲ್ಲ.

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿದವರು ನನ್ನ ಬಗ್ಗೆ ತುಂಬಾ ಹೇಳಿದ್ರು, ಅದ್ರಲ್ಲಿ ಅರ್ಧ ಬಿಟ್ಟುಬಿಡಿ. ನಾನು 29 ವರ್ಷ ಹೈಸ್ಕೂಲಲ್ಲಿ ವಿಜ್ಞಾನ, ಗಣಿತ ಪಾಠ ಮಾಡಿದವಳು, ಅದರ ಜೊತೆ ನಮ್ಮ ತಾಲೂಕಿನ ವಿಜ್ಞಾನ ಟೀಚರ್‌ಗಳ ಸಂಘದಲ್ಲಿ ಓಡಾಡಿದವಳು, ಅಷ್ಟೇ. ಕರೆಯೋಲೆಯಲ್ಲಿ ಇವತ್ತಿನ ವಿಷಯ "ಪ್ರಶಿಕ್ಷಣಾರ್ಥಿಗಳ ವೃತ್ತಿ ವಿಕಾಸದಲ್ಲಿ ವೃತ್ತಿಪರ ಸಂಘಟನೆಗಳ ಪಾತ್ರ" ಅಂತ ಪ್ರಿಂಟ್ ಆಗಿದೆ. ಊಟ ಆದ ಮೇಲೆ ಇಂಥ ಟೈಟಲ್ ಇಟ್ರೆ ಯಾರು ಎಚ್ಚರ ಇರ್ತಾರೆ? ನಾನು ಇದನ್ನ ಬೇರೆ ತರ ಕೇಳ್ತೇನೆ. ನಿಮ್ಮ ಪಾಠ ಕ್ಲಾಸಲ್ಲಿ ಮಗುಚಿ ಬಿದ್ದ ದಿನ ಸಂಜೆ ನೀವು ಯಾರ ಹತ್ರ ಹೋಗಿ ಕೂತ್ಕೊಳ್ತೀರಿ?

ನನ್ನದು ಬಿದ್ದ ಕತೆ ಹೇಳ್ತೇನೆ. 1988. ಆಗ ಬಿ.ಎಡ್. ಒಂದೇ ವರ್ಷ, ನಾನು ಮಂಗಳೂರಲ್ಲಿ ಮಾಡ್ತಾ ಇದ್ದೆ. ಕ್ರಿಟಿಸಿಸಮ್ ಲೆಸನ್, ಅಂದ್ರೆ ನಾವು ಪಾಠ ಮಾಡುದು, ಉಳಿದವರು ನೋಡಿ ಟೀಕೆ ಬರೆಯುದು, ಅದರ ದಿನ, 8ನೇ ಕ್ಲಾಸ್, ಗಾಳಿಯ ಒತ್ತಡ. ಹಿಂದಿನ ಬೆಂಚಲ್ಲಿ ನಮ್ಮ ಲೆಕ್ಚರರ್ ಮತ್ತೆ ಒಂದು ಹತ್ತು ಜನ ಸಹಪಾಠಿಗಳು ಅಬ್ಸರ್ವೇಷನ್ ಬುಕ್ ಬಿಡಿಸಿ ಕೂತಿದ್ದಾರೆ. ಗ್ಲಾಸಲ್ಲಿ ಕಂಠಮಟ್ಟ ನೀರು ತುಂಬಿಸಿ ಮೇಲೆ ಕಾರ್ಡ್ ಇಟ್ಟು ತಲೆಕೆಳಗೆ ಹಿಡಿಯುವ ಪ್ರಯೋಗ ನಿಮಗೆಲ್ಲ ಗೊತ್ತುಂಟು. ಹಾಸ್ಟೆಲಲ್ಲಿ ನಾಲ್ಕು ಸಲ ಮಾಡಿ ನೋಡಿದ್ದೆ, ಪೋಸ್ಟ್ ಕಾರ್ಡಲ್ಲಿ. ಆದ್ರೆ ಕ್ಲಾಸಿಗೆ ಸ್ವಲ್ಪ ಚಂದ ಕಾಣ್ಲಿ ಅಂತ ಯಾರದ್ದೋ ಮದುವೆ ಕಾಗದದ ದಪ್ಪ ಕಾರ್ಡ್ ತಗೊಂಡು ಹೋದೆ. ಮಗುಚಿದ್ದೇ ಮಗುಚಿದ್ದು, ನೀರು ಪೂರಾ ಮುಂದಿನ ಬೆಂಚಿನ ಹುಡುಗನ ತಲೆ ಮೇಲೆ. ಕ್ಲಾಸ್ ಗೊಳ್ಳೆಂದು ನಕ್ಕಿತು. ಆ ಹುಡುಗನೂ ನಕ್ಕ, ಪಾಪ. ನಾನು ಗಾಳಿಯ ಒತ್ತಡದ ವ್ಯಾಖ್ಯೆ ಬೋರ್ಡಲ್ಲಿ ಬರೆದು ಹೇಗೋ ಮುಗಿಸಿದೆ. ಆಮೇಲೆ ಕ್ರಿಟಿಸಿಸಮ್‌ನಲ್ಲಿ ಹತ್ತಕ್ಕೆ ಒಂಬತ್ತು ಜನ ಬರೆದದ್ದು ಒಂದೇ, "ಪ್ರಯೋಗ ವಿಫಲವಾಯಿತು." ಯಾಕೆ ವಿಫಲ ಆಯ್ತು ಅಂತ ಒಬ್ಬರೂ ಬರೀಲಿಲ್ಲ. ಹತ್ತನೆಯವಳು ನನ್ನ ಸೀರೆ ಚಂದ ಉಂಟು ಅಂತ ಬರೆದಿದ್ಲು.

ನಾನು ಪ್ರಾಕ್ಟೀಸ್ ಟೀಚಿಂಗಿಗೆ ಹೋಗ್ತಿದ್ದ ಶಾಲೆಯ ಗೈಡ್ ಟೀಚರ್ ಆ ಶನಿವಾರ ಬೆಳಗ್ಗಿನ ಶಾಲೆ ಬಿಟ್ಟ ಕೂಡ್ಲೇ, "ಬಾ ಮಾರಾಯ್ತಿ, ಹೀಗೆ ಮುಖ ಊದಿಸ್ಕೊಂಡು ಕೂತ್ರೆ ಆಗುದಿಲ್ಲ" ಅಂತ ಎಳ್ಕೊಂಡು ಹೋದ್ರು. ಹೋಗಿದ್ದು ಎಲ್ಲಿಗೆ ಅಂದ್ರೆ ವಿಜ್ಞಾನ ಟೀಚರ್‌ಗಳ ಸಂಘದ ಮೀಟಿಂಗ್. ಮೀಟಿಂಗ್ ಅಂದ್ರೆ ಎಂತದ್ದೂ ಇಲ್ಲ, ಒಂದು ಶಾಲೆಯ ಲ್ಯಾಬಲ್ಲಿ ಹನ್ನೆರಡು ಜನ, ಒಂದು ಫ್ಲಾಸ್ಕ್ ಚಾ, ಒಂದು ಪೊಟ್ಟಣ ಗೋಳಿಬಜೆ. ಅಲ್ಲಿ ಒಬ್ರು ವಯಸ್ಸಾದ ಮಾಸ್ಟ್ರು ನನ್ನ ಕತೆ ಕೇಳಿ, ಕಾರ್ಡ್ ತಂದಿದ್ದೀಯಾ ಅಂತ ಕೇಳಿದ್ರು. ಪರ್ಸಲ್ಲಿತ್ತು. ತಗೊಂಡು ಬೆರಳಲ್ಲಿ ಸವರಿ ನೋಡಿದ್ರು. ಗಣಪತಿ ಚಿತ್ರ ಉಬ್ಬು ಅಚ್ಚಲ್ಲಿತ್ತು, ನಾನು ಚಿತ್ರದ ಬದಿಯನ್ನೇ ಗ್ಲಾಸಿನ ಬಾಯಿಗೆ ಇಟ್ಟಿದ್ದೆ. "ಇಗೋ, ಗಣಪತಿಯ ಸೊಂಡಿಲಿನ ಹತ್ರ ಸಂದು ಉಂಟು, ಇಲ್ಲಿಂದ ಗಾಳಿ ಒಳಗೆ ಹೋಗಿದೆ, ಒಳಗೆ ಗಾಳಿ ಹೋದ ಮೇಲೆ ಹೊರಗಿನ ಒತ್ತಡಕ್ಕೆ ಎಂತ ಕೆಲ್ಸ?" ಅಂದ್ರು. ಆಮೇಲೆ ಮೆಲ್ಲ ಹೇಳಿದ್ರು, "ನನಗೆ ಇದು ಆದದ್ದು ಇನ್ಸ್‌ಪೆಕ್ಷನ್ ದಿನ, ನೀರು ಬಿದ್ದದ್ದು ಇನ್ಸ್‌ಪೆಕ್ಟರ್ ಸಾಹೇಬ್ರ ಶೂ ಮೇಲೆ. ನನ್ನದು ಕಾರ್ಡ್ ಸರಿ ಇತ್ತು, ಗ್ಲಾಸಿನ ಅಂಚು ಒಡೆದಿತ್ತು."

ಆ ಒಂದು ಗಂಟೆಯಲ್ಲಿ ನಾನು ಕಲ್ತದ್ದು ವರ್ಷದ ನೋಟ್ಸಲ್ಲಿ ಇರ್ಲಿಲ್ಲ. ಪ್ರಯೋಗ ಬಿದ್ದಾಗ ಅದನ್ನೇ ಪಾಠ ಮಾಡ್ಬಹುದಿತ್ತು ಅಂತ, ಯಾಕೆ ಬಿತ್ತು ಹೇಳಿ ಮಕ್ಕಳೇ ಅಂತ ಕೇಳಿದ್ರೆ ಮುಗೀತಿತ್ತು ಅಂತ ಗೊತ್ತಾಯ್ತು. ಅದಕ್ಕಿಂತ ದೊಡ್ಡದು, 30 ವರ್ಷ ಸರ್ವೀಸ್ ಆದವರ ಪ್ರಯೋಗವೂ ಬೀಳ್ತದೆ ಅಂತ ಗೊತ್ತಾಯ್ತು.

ನೀವೆಲ್ಲ ಯಕ್ಷಗಾನದ ಊರಿನವರು, ನಿಮಗೆ ಚೌಕಿ ಗೊತ್ತುಂಟು, ರಂಗಸ್ಥಳದ ಹಿಂದೆ ವೇಷ ಕಟ್ಟುವ ಜಾಗ. ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿ ವೇಷ, ಬಾಲಗೋಪಾಲ ವೇಷ ಹಾಕ್ತಾನೆ. ಜನ ಇನ್ನೂ ಚಾಪೆ ಬಿಡಿಸ್ತಾ ಇರ್ತಾರೆ, ಯಾರೂ ನೋಡುದಿಲ್ಲ. ಅವ ಕುಣಿದು ಬಂದು ಚೌಕಿಯ ಮೂಲೆಯಲ್ಲಿ ಕೂತು ಹಿರಿಯ ವೇಷಧಾರಿಗಳು ಬಣ್ಣ ಬಳಿಯುದನ್ನ, ಬೆಳಿಗ್ಗೆ ಬಣ್ಣ ತೆಗೆಯುದನ್ನ, ಇವತ್ತು ಆ ಪದಕ್ಕೆ ಹೆಜ್ಜೆ ತಪ್ಪಿತು ಅಂತ ಭಾಗವತರ ಹತ್ರ ಬೈಸಿಕೊಳ್ಳುದನ್ನ ನೋಡ್ತಾನೆ. ಕಲಿಯುದು ಅಲ್ಲಿ. ಬಿ.ಎಡ್. ಮಕ್ಕಳಿಗೆ ನಾವು ರಂಗಸ್ಥಳ ಮಾತ್ರ ತೋರಿಸ್ತೇವೆ. ಡೆಮೊ ಲೆಸನ್ ಅಂತ ಪೂರ್ತಿ ಬಣ್ಣ ಬಳ್ಕೊಂಡು ಕುಣಿದು ತೋರಿಸ್ತೇವೆ, ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗ್ತೀರಿ, ಮನೆಯಲ್ಲಿ ಕೂತು ನನಗೆ ಇದು ಜನ್ಮದಲ್ಲಿ ಬರ್ಲಿಕ್ಕಿಲ್ಲ ಅಂತ ಅಳ್ತೀರಿ. ಸಂಘ ಅಂದ್ರೆ ನನ್ನ ಲೆಕ್ಕದಲ್ಲಿ ಚೌಕಿ. ಬಣ್ಣ ಇಲ್ಲದ ಮುಖ ಕಾಣುವ ಜಾಗ.

ಸಂಘಗಳಲ್ಲಿ ಎರಡು ಜಾತಿ ಉಂಟು, ಅದನ್ನ ಒಂಚೂರು ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಸಂಘ ಅಂದ ಕೂಡ್ಲೇ ಸಂಬಳ, ವರ್ಗಾವಣೆ, ಪಿಂಚಣಿ, ಮನವಿ ಪತ್ರ ಇಷ್ಟೇ ತಲೆಗೆ ಬರುದು. ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ, ಹೈಸ್ಕೂಲ್ ಸಹ ಶಿಕ್ಷಕರ ಸಂಘ ಇವೆಲ್ಲ ಆ ಜಾತಿ, ಅವು ಬೇಕು, ಅವು ಇಲ್ಲದಿದ್ರೆ ನಮ್ಮ ಅವಸ್ಥೆ ದೇವರಿಗೇ ಪ್ರೀತಿ. ಇನ್ನೊಂದು ವಿಷಯದ ಸಂಘ. ಗಣಿತದವರದ್ದು ಚೆನ್ನೈಯಲ್ಲಿ ಎ.ಎಂ.ಟಿ.ಐ. ಅಂತ ಉಂಟು, 1965ರದ್ದು, ಟೀಚರ್‌ಗಳಿಗೆ ಅಂತ ಪತ್ರಿಕೆ ತರ್ತಾರೆ, ಮಕ್ಕಳಿಗೆ ಗಣಿತ ಪ್ರತಿಭಾ ಪರೀಕ್ಷೆ ಮಾಡ್ತಾರೆ. ಇಂಗ್ಲಿಷಿನವರದ್ದು ಎಲ್ಟಾಯ್, ಅದೂ ಚೆನ್ನೈಯೇ, 1974. ಫಿಸಿಕ್ಸಿನವರದ್ದು ಐ.ಎ.ಪಿ.ಟಿ., 1984ರಲ್ಲಿ ಶುರುವಾದದ್ದು, ನಿಮ್ಮಲ್ಲಿ ಪಿ.ಯು.ಸಿ.ಯಲ್ಲಿ ಫಿಸಿಕ್ಸ್ ಒಲಿಂಪಿಯಾಡಿಗೆ ಅಂತ ಎನ್.ಎಸ್.ಇ.ಪಿ. ಬರೆದವರು ಇದ್ರೆ, ಅದು ಇವರು ನಡೆಸುವ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, 1980. ಅದು ಟೀಚರ್‌ಗಳದ್ದೇ ಸಂಘ ಅಂತ ಅಲ್ಲ, ಆದ್ರೆ ಅವರ "ಬಾಲ ವಿಜ್ಞಾನ" ಪತ್ರಿಕೆ ಇಲ್ಲದಿದ್ರೆ ನನ್ನ ಮೊದಲ ಐದು ವರ್ಷದ ಪಾಠ ನಡೀತಾ ಇರ್ಲಿಲ್ಲ. ಕುಂದಾಪುರ ಕಡೆ ಒಂದು ಶಾಲೆ, ಲೈಬ್ರರಿ ಅಂದ್ರೆ ಒಂದು ಗೋದ್ರೇಜ್ ಕಪಾಟು, ಅದರ ಕೀ ಹೆಡ್‌ಮಾಸ್ಟ್ರ ಮನೆಯಲ್ಲಿ.

ಈಗ ಕಹಿ ಮಾತು. ಈ ಎರಡು ಜಾತಿಯ ಸಂಘಗಳಲ್ಲಿ ಹೆಚ್ಚಿನವಕ್ಕೆ ನೀವು ಕಣ್ಣಿಗೇ ಬೀಳುದಿಲ್ಲ. ಯಾಕೆ? ಸಂಬಳ ಇಲ್ಲ, ಹಾಗಾಗಿ ವಂತಿಗೆ ಇಲ್ಲ. ವೋಟೂ ಇಲ್ಲ. ನಮ್ಮದು ನೈರುತ್ಯ ಶಿಕ್ಷಕರ ಕ್ಷೇತ್ರ, ಗೊತ್ತುಂಟಲ್ಲ, ವಿಧಾನ ಪರಿಷತ್ತಿನದ್ದು. ಅದ್ರಲ್ಲಿ ಹೆಸರು ಸೇರ್ಬೇಕಾದ್ರೆ ಹೈಸ್ಕೂಲ್ ಅಥವಾ ಅದಕ್ಕಿಂತ ಮೇಲೆ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿರ್ಬೇಕು. ಪ್ರೈಮರಿ ಟೀಚರ್‌ಗಳಿಗೇ ಅದ್ರಲ್ಲಿ ವೋಟಿಲ್ಲ, ಇನ್ನು ಬಿ.ಎಡ್. ಮಾಡುವವರನ್ನ ಯಾರು ಕೇಳ್ತಾರೆ?

ಕೇಳುದೇ ಇಲ್ಲ ಅಂತಲ್ಲ, ಕೇಳ್ತಾರೆ, ಊಟ ಬಡಿಸ್ಲಿಕ್ಕೆ. ಕೆಲವು ವರ್ಷದ ಹಿಂದೆ ಒಂದು ಶಿಕ್ಷಕರ ಸಮಾವೇಶಕ್ಕೆ ನಾನು ಹೋಗಿದ್ದೆ, ಯಾವುದು ಅಂತ ಬೇಡ, ಎಲ್ಲ ನಮ್ಮವರೇ. ಮೂವತ್ತು ಜನ ಬಿ.ಎಡ್. ಹುಡುಗಿಯರನ್ನ ಒಂದೇ ಬಣ್ಣದ ಸೀರೆ ಉಡಿಸಿ ಬಾಗಿಲಲ್ಲಿ ನಿಲ್ಸಿದ್ರು, ಪನ್ನೀರು, ಕಲ್ಲುಸಕ್ಕರೆ. ಮಧ್ಯಾಹ್ನ ಹುಡುಗರಿಗೆ ಬಕೆಟು ಸೌಟು. ಒಳಗೆ ಗೋಷ್ಠಿ ನಡೀತಾ ಉಂಟು, ಯಾವ ಗೋಷ್ಠಿ ಹೇಳಿ, "ನಾಳಿನ ಶಿಕ್ಷಕ"! ನಾಳಿನ ಶಿಕ್ಷಕ ಹೊರಗೆ ಸಾಂಬಾರ್ ಬಡಿಸ್ತಾ ಇದ್ದಾನೆ. ನಾನು ವೇದಿಕೆಯಲ್ಲಿ ಇದನ್ನ ಹೇಳಿದೆ, ಎಲ್ಲರೂ ನಗಾಡಿದ್ರು, ಸಂಜೆ ಆ ಮಕ್ಕಳಿಗೆ ಭಾಗವಹಿಸಿದ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ಬಡಿಸುದು ಸಣ್ಣ ಕೆಲಸ ಅಂತ ನಾನು ಹೇಳುದಲ್ಲ, ನಮ್ಮೂರಲ್ಲಿ ಮದುವೆಗೆ ಹೋದ್ರೆ ನಾನೂ ಬಡಿಸ್ತೇನೆ, ಆದ್ರೆ ಒಳಗೆ ಒಂದು ಗಂಟೆಯಾದ್ರೂ ಕೂರಿಸ್ಬೇಕಿತ್ತು.

ಬೇರೆ ಕಡೆ ಹೇಗೆ ಉಂಟು ಅಂತ ಓದಿದ್ದೇನೆ, ಅದನ್ನೂ ಹೇಳಿಬಿಡ್ತೇನೆ. ಅಮೆರಿಕದ ದೊಡ್ಡ ಶಿಕ್ಷಕರ ಸಂಘ ಎನ್.ಇ.ಎ. 1857ರದ್ದು, ಮುಂದೆ ಟೀಚರ್ ಆಗುವವರಿಗೆ ಅಂತಲೇ ಅವರಲ್ಲಿ 1937ರಿಂದ ಬೇರೆ ಸಂಘಟನೆ ಉಂಟು. ಅದಕ್ಕೆ ಸೇರಿದ್ರೆ ಸಿಗುವ ಒಂದು ಸೌಲಭ್ಯ ನನಗೆ ಆಶ್ಚರ್ಯ ಆಯ್ತು, ಇನ್ಶೂರೆನ್ಸ್. ಪ್ರಾಕ್ಟೀಸ್ ಟೀಚಿಂಗ್ ಮಾಡುವಾಗ ಏನಾದ್ರೂ ಅನಾಹುತ ಆಗಿ ನಿಮ್ಮ ಮೇಲೆ ಕೇಸ್ ಬಂದ್ರೆ ವಕೀಲರ ಖರ್ಚು, ಪರಿಹಾರದ ಹೊಣೆ ಆ ವಿಮೆಯಲ್ಲಿ ಬರ್ತದೆ. ಇಂಗ್ಲೆಂಡಲ್ಲೂ ದೊಡ್ಡ ಯೂನಿಯನ್‌ಗಳು ಟ್ರೇನಿಗಳನ್ನ ಫ್ರೀ ಅಥವಾ ಚಿಲ್ಲರೆ ದುಡ್ಡಿಗೆ ಸೇರಿಸ್ಕೊಳ್ತವೆ. ಅಂದ ಹಾಗೆ ಅಮೆರಿಕದಲ್ಲಿ ಎನ್.ಸಿ.ಟಿ.ಇ. ಅಂತ ಹುಡುಕಿದ್ರೆ ಸಿಗುದು ಇಂಗ್ಲಿಷ್ ಟೀಚರ್‌ಗಳ ಸಂಘ, 1911ರದ್ದು. ನಮ್ಮ ಎನ್.ಸಿ.ಟಿ.ಇ. 1993ರ ಕಾಯ್ದೆಯಿಂದ ಬಂದ ಸರಕಾರದ ಕೌನ್ಸಿಲ್. ಅಕ್ಷರ ನಾಲ್ಕೂ ಅದೇ. ಅಲ್ಲಿ ಟೀಚರ್‌ಗಳು ಸೇರಿ ಕಟ್ಟಿದ್ದು, ಇಲ್ಲಿ ಟೀಚರ್‌ಗಳಾಗ್ಲಿಕ್ಕೆ ಎಂತೆಂತ ಬೇಕು ಅಂತ ಮೇಲಿಂದ ಹೇಳುದು.

ಇನ್ಶೂರೆನ್ಸ್ ವಿಷಯ ಯಾಕೆ ಎತ್ತಿದೆ ಅಂದ್ರೆ, ಒಂದು ಶಾಲೆಯಲ್ಲಿ ಇಂಟರ್ನ್‌ಶಿಪ್ ಹುಡುಗಿ ನೀರು ಕುದಿಸುವ ಪ್ರಯೋಗ ಮಾಡುವಾಗ ಬೀಕರ್ ಬಿರುಕು ಬಿಟ್ಟು ಒಬ್ಬ ಹುಡುಗನ ಕೈಗೆ ಬಿಸಿನೀರು ಬಿತ್ತು. ದೊಡ್ಡ ಗಾಯ ಅಲ್ಲ ಪುಣ್ಯಕ್ಕೆ. ಆದ್ರೆ ಅಪ್ಪ ಅಮ್ಮ ಬಂದ್ರು, ಬರಬೇಕಾದದ್ದೇ, ಮಗುವಿನ ಕೈ ಅಲ್ವಾ. ಶಾಲೆಯವರು ಅವಳು ಕಾಲೇಜಿನವಳು ಅಂದ್ರು, ಕಾಲೇಜಿನವರು ಆಗ ಅವಳು ಶಾಲೆಯ ಜವಾಬ್ದಾರಿ ಅಂದ್ರು. ಅವಳು ಎರಡರ ಮಧ್ಯೆ, ವರಾಂಡದಲ್ಲಿ ನಿಂತು ಅಳ್ತಾ ಇದ್ಲು. ನಮ್ಮ ಸಂಘದ ಇಬ್ಬರು ಹೋಗಿ ಪೋಷಕರ ಹತ್ರ ಕೂತು ಮಾತಾಡಿ, ಮಗುವನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಸಂಜೆ ಅವಳನ್ನ ಮನೆ ಬಸ್ಸಿಗೆ ಹತ್ತಿಸಿ ಬಂದ್ರು. ಯಾವ ಬೈಲಾದಲ್ಲೂ ಇದು ಬರೆದಿಲ್ಲ. ಬರೆದಿರ್ಬೇಕು ಅಂತ ನನ್ನ ವಾದ. ಮತ್ತೆ ಬಿಸಿ ಮಾಡುವ ಮೊದಲು ಬೀಕರನ್ನ ಬೆಳಕಿಗೆ ಹಿಡಿದು ಕೂದಲೆಳೆ ಬಿರುಕು ಉಂಟಾ ನೋಡ್ಬೇಕು ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ.

ಈಗ ನಿಮ್ಮದು ಎರಡು ವರ್ಷದ ಕೋರ್ಸ್, 2015ರಿಂದ. ಇಂಟರ್ನ್‌ಶಿಪ್ಪೇ 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16. ಹದಿನಾರು ವಾರ ಅಂದ್ರೆ ಸಣ್ಣ ಸಮಯ ಅಲ್ಲ. ಹುದ್ದೆ ಖಾಲಿ ಇರುವ ಶಾಲೆಗೆ ನೀವು ಹೋದ್ರೆ ಎಂತ ಆಗ್ತದೆ ಅಂತ ಸೀನಿಯರ್‌ಗಳನ್ನ ಕೇಳಿ. ಗಣಿತದ ಮಾಸ್ಟ್ರಿಲ್ಲ, ನೀವೇ ಮಾಸ್ಟ್ರು. ಮಕ್ಕಳ ಮಾಹಿತಿ ಕಂಪ್ಯೂಟರಿಗೆ ಹಾಕುವ ಸ್ಯಾಟ್ಸ್ ಎಂಟ್ರಿ ನೀವೇ, ಹಾಲಿನ ಪುಡಿ ಲೆಕ್ಕ ನೀವೇ, ಪ್ರತಿಭಾ ಕಾರಂಜಿಗೆ ಮಕ್ಕಳನ್ನ ಟೆಂಪೋದಲ್ಲಿ ಕರ್ಕೊಂಡು ಹೋಗುದೂ ನೀವೇ. ಸ್ವಲ್ಪ ಮಾಡಿ, ಶಾಲೆ ಹೇಗೆ ನಡೀತದೆ ಅಂತ ಗೊತ್ತಾಗ್ಬೇಕಲ್ಲ. ಆದ್ರೆ ನಿಮ್ಮ ಪಾಠ ನೋಡ್ಲಿಕ್ಕೆ ಒಬ್ಬರೂ ಕ್ಲಾಸಿಗೆ ಬರದೆ ಹದಿನಾರು ವಾರ ಕಳೆದ್ರೆ ಅದು ಇಂಟರ್ನ್‌ಶಿಪ್ ಅಲ್ಲ, ಬಿಟ್ಟಿ ಚಾಕರಿ. ಇದನ್ನ ನೀವು ಹೇಳ್ಲಿಕ್ಕಾಗುದಿಲ್ಲ, ಇಂಟರ್ನಲ್ ಮಾರ್ಕು ಅವರ ಕೈಯಲ್ಲುಂಟು. ಸಂಘ ಹೇಳ್ಬಹುದು. ನಮ್ಮವರು ಒಂದೆರಡು ಕಡೆ ಹೆಡ್‌ಮಾಸ್ಟ್ರ ಹತ್ರ ಹೋಗಿ ಜಗಳ ಮಾಡದೆ, ನಾವೇ ವಾರಕ್ಕೊಮ್ಮೆ ಬಂದು ಈ ಹುಡುಗನ ಪಾಠ ನೋಡ್ತೇವೆ ಸರ್ ಅಂತ ಕೇಳ್ಕೊಂಡದ್ದುಂಟು. ಒಬ್ರು ಒಪ್ಪಿದ್ರು, ಒಬ್ರು "ನಮ್ಮ ಶಾಲೆಗೆ ಇನ್ಸ್‌ಪೆಕ್ಷನ್ನಿಗೆ ನೀವು ಯಾರು" ಅಂದ್ರು.

ಇನ್ನು ಭಾಷೆ. ನಿಮ್ಮಲ್ಲಿ ಗದಗ, ಬಾಗಲಕೋಟೆ, ಕೊಪ್ಪಳ ಕಡೆಯವರು ಎಷ್ಟು ಜನ ಇದ್ದೀರಿ ಕೈ ಎತ್ತಿ. (ಹದಿನೈದರಷ್ಟು ಕೈ ಎದ್ದವು.) ನೋಡಿ. ಬಾಗಲಕೋಟೆಯ ಒಬ್ಬ ಹುಡುಗ ಇಲ್ಲೇ ಕಡಲ ಬದಿಯ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದ. ಅವನ ಕ್ಲಾಸಿನ ಒಬ್ಬ ವಿದ್ಯಾರ್ಥಿ ಎರಡು ದಿನ ಬರ್ಲಿಲ್ಲ. ಇವನು ಯಾಕೋ ಅಂತ ಕೇಳಿದ್ದಕ್ಕೆ ಪಕ್ಕದವ "ಅವನ ಮನೆಯಲ್ಲಿ ಕೋಲ ಸರ್" ಅಂದ. ಇವನಿಗೆ ಕೋಲು ಅಂತ ಕೇಳಿಸಿತು. ಮನೆಯಲ್ಲಿ ಕೋಲಲ್ಲಿ ಹೊಡೀತಾರೆ ಅಂತ ತಿಳ್ಕೊಂಡು ಗಾಬರಿಯಾಗಿ ಮಕ್ಕಳ ರಕ್ಷಣೆಗೆ ಯಾರಿಗೆ ಫೋನ್ ಮಾಡ್ಬೇಕು ಅಂತ ನಮ್ಮ ಗ್ರೂಪಲ್ಲಿ ಕೇಳಿದ. ಅವನ ಮನಸ್ಸು ಒಳ್ಳೇದು, ನಾನು ಅದಕ್ಕೆ ಬೆಲೆ ಕೊಡ್ತೇನೆ. ದೈವದ ಕೋಲ ಮಾರಾಯ, ದೈವಕ್ಕೆ ನಡೆಸುವ ಸೇವೆ, ಮನೆಮಂದಿ ಎಲ್ಲ ಅದರ ಗಡಿಬಿಡಿಯಲ್ಲಿದ್ದಾರೆ ಅಂತ ಹೇಳಿದ್ವಿ. ಆಮೇಲೆ ನಮ್ಮ ಸಂಘದ ಒಬ್ರು ಕೂತು ಎರಡು ಪುಟ ಬರೆದು ಕೊಟ್ರು, ಒಂದು ಬದಿ ತುಳು, ಒಂದು ಬದಿ ಕನ್ನಡ. ಕುಲ್ಲು ಅಂದ್ರೆ ಕೂತ್ಕೋ, ದಾಯೆ ಅಂದ್ರೆ ಯಾಕೆ, ಒಲ್ಪ ಅಂದ್ರೆ ಎಲ್ಲಿ, ಗೊತ್ತಾಂಡಾ ಅಂದ್ರೆ ಗೊತ್ತಾಯ್ತಾ. ಕೆಳಗೆ ಕೋಲ, ನೇಮ, ತಂಬಿಲ ಇವುಗಳ ಅರ್ಥ, ಯಾವ ತಿಂಗಳಲ್ಲಿ ಹಾಜರಿ ಕಮ್ಮಿ ಆಗ್ತದೆ ಅಂತ. ಆ ಎರಡು ಪುಟ ಈಗ ಎಷ್ಟು ಕೈ ಬದಲಾಗಿದೆ ಅಂತ ನಮಗೇ ಗೊತ್ತಿಲ್ಲ. ಆ ಹುಡುಗ ಈಗ ಕ್ಲಾಸಿಗೆ ಹೋದ ಕೂಡ್ಲೇ "ಕುಲ್ಲುಲೆ" ಅಂತಾನೆ, ಮಕ್ಕಳು ನಗಾಡ್ತಾ ಕೂರ್ತಾರೆ.

ಟಿ.ಇ.ಟಿ., ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅದರ ಬಗ್ಗೆ ಹೆಚ್ಚು ಹೇಳುದಿಲ್ಲ, ನಿಮಗೇ ಬಾಯಿಪಾಠ ಉಂಟು, 150 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ ಶೇಕಡಾ 60, ಅಂದ್ರೆ 90 ಮಾರ್ಕು. ಆದ್ರೆ ಒಂದು. 2023ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ 1ರಿಂದ 5ನೇ ಕ್ಲಾಸಿಗೆ ಬಿ.ಎಡ್. ಅರ್ಹತೆ ಅಲ್ಲ, ಪ್ರೈಮರಿ ಟೀಚರ್‌ಗಳ ಡಿಪ್ಲೊಮಾ ಡಿ.ಎಲ್.ಎಡ್. ಬೇಕು ಅಂತ ಹೇಳಿದಾಗ ಒಂದು ವಾರ ನನ್ನ ಫೋನ್ ಕೆಳಗಿಡ್ಲಿಕ್ಕೆ ಆಗ್ಲಿಲ್ಲ. ಬಿ.ಎಡ್. ಬಂದ್ ಅಂತೆ, ಹೌದಾ ಮೇಡಂ, ಫೀಸ್ ವಾಪಸ್ ಸಿಗ್ತದಾ ಮೇಡಂ. ಒಬ್ಬಳ ಅಪ್ಪ ಕೋರ್ಸ್ ಬಿಡಿಸ್ಲಿಕ್ಕೆ ಹೊರಟಿದ್ರು. ತೀರ್ಪಲ್ಲಿ ಎಂತ ಉಂಟು, ಎಂತ ಇಲ್ಲ, ಹೈಸ್ಕೂಲಿಗೆ ಅದು ತಾಗುದಿಲ್ಲ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಆವತ್ತೇ ಹಾಕುವ ಕೆಲಸ ಯಾರದ್ದು? ನಾವು ಹಾಕಿದ್ದು ಆರು ದಿನ ಆದ ಮೇಲೆ. ಆ ಆರು ದಿನ ಫಾರ್ವರ್ಡ್ ಮೆಸೇಜಿನದ್ದೇ ರಾಜ್ಯಭಾರ. ಅದು ನಮ್ಮ ತಪ್ಪು, ಒಪ್ಕೊಳ್ತೇನೆ.

ನಮ್ಮ ಬೈಲಾದಲ್ಲಿ ಸದಸ್ಯರು ಅಂದ್ರೆ ಸೇವೆಯಲ್ಲಿರುವ ಶಿಕ್ಷಕರು ಅಂತ ಮಾತ್ರ ಇತ್ತು. ಪ್ರಶಿಕ್ಷಣಾರ್ಥಿಗಳೂ ಬರಬಹುದು ಅಂತ ಒಂದೇ ಒಂದು ಸಾಲು ಸೇರಿಸ್ಲಿಕ್ಕೆ ಮೂರು ವಾರ್ಷಿಕ ಮಹಾಸಭೆ ಬೇಕಾಯ್ತು. ಮೊದಲನೇ ವರ್ಷ ಕೋರಂ ಇರ್ಲಿಲ್ಲ, ಎರಡನೇ ವರ್ಷ ಒಬ್ರು ಹಿರಿಯರು "ಅವರು ಬಂದ್ರೆ ನಾವು ಮುಕ್ತವಾಗಿ ಮಾತಾಡುದು ಹೇಗೆ, ನಮ್ಮ ಮರ್ಯಾದೆ ಎಂತ ಆಗ್ಬೇಕು" ಅಂದ್ರು. ನನಗೆ ಸಿಟ್ಟು ಬಂತು, ಆಮೇಲೆ ಅನ್ನಿಸಿತು, ಅವರು ಹೇಳಿದ್ದೇ ವಿಷಯ. ನಮ್ಮ ಬಣ್ಣ ಇಲ್ಲದ ಮುಖ ನೋಡ್ಬಾರ್ದು ಅಂತ ನಮಗೆ ಹೆದರಿಕೆ. ಮೂರನೇ ವರ್ಷ ಪಾಸಾಯ್ತು, ವರ್ಷಕ್ಕೆ 50 ರೂಪಾಯಿ, ವೋಟಿಲ್ಲ, ಚಾ ಉಂಟು.

ಪ್ರಶ್ನೆಗಳು ಸುಮಾರು ಬಂದವು, ಎರಡು ಮಾತ್ರ ಬರೀತೇನೆ. ಒಬ್ಬ ಹುಡುಗ ಕೇಳಿದ, "ಮೇಡಂ, ಅಲ್ಲಿ ಬಂದು ನಮ್ಮ ಪಾಠ ಫ್ಲಾಪ್ ಆಯ್ತು ಅಂತ ಹೇಳಿದ್ರೆ ನಮ್ಮ ಕಾಲೇಜಿಗೆ ಗೊತ್ತಾಗ್ತದಲ್ಲ, ಮಾರ್ಕ್ಸ್?" ಒಳ್ಳೇ ಪ್ರಶ್ನೆ. ನಮ್ಮಲ್ಲಿ ಒಂದು ಅಲಿಖಿತ ನಿಯಮ ಉಂಟು, ಮೊದಲು ಸಂಘದವರು ತಮ್ಮದು ಹೇಳ್ಬೇಕು, ಆ ವಾರ ಎಂತ ಹಾಳಾಯ್ತು ಅಂತ. ಪ್ರಶಿಕ್ಷಣಾರ್ಥಿಗಳ ಸರದಿ ಕೊನೆಗೆ, ಹೇಳ್ಲೇಬೇಕು ಅಂತಿಲ್ಲ. ಲೆಕ್ಚರರ್‌ಗಳು ಬಂದ್ರೆ ಅವರೂ ತಮ್ಮ ಒಂದು ಫ್ಲಾಪ್ ಹೇಳಿಯೇ ಕೂರ್ಬೇಕು. ಈ ಕಂಡೀಷನ್ ಇಟ್ಟ ಮೇಲೆ ಲೆಕ್ಚರರ್‌ಗಳು ಬರುದು ಕಮ್ಮಿಯಾಗಿದೆ, ಅದು ಬೇರೆ ವಿಷಯ.

ಇನ್ನೊಬ್ಬಳು ಎದ್ದು, ನಿಮ್ಮ ಸಂಘದ ಮೀಟಿಂಗ್ ಇರುವ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಇಲ್ಲಿ ಕ್ಲಾಸ್ ಇರ್ತದೆ, ಹೇಗೆ ಬರುದು ಅಂತ ಕೇಳಿದ್ಲು. ಪ್ರಿನ್ಸಿಪಾಲರು ವೇದಿಕೆಯಲ್ಲೇ ಇದ್ರು. ಎಲ್ಲರೂ ಅವರ ಮುಖ ನೋಡಿದ್ರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಘದಿಂದ ಬರವಣಿಗೆಯಲ್ಲಿ ಬಂದ್ರೆ ನೋಡುವ ಮೇಡಂ" ಅಂದ್ರು. ನನ್ನ ಬ್ಯಾಗಲ್ಲಿ ಲೆಟರ್‌ಹೆಡ್ ಇರ್ಲಿಲ್ಲ. ಕಾರ್ಯಕ್ರಮದ ಕರೆಯೋಲೆಯ ಹಿಂದೆ, ವಂದನಾರ್ಪಣೆ ನಡೀತಾ ಇರುವಾಗಲೇ, "ಇವರಿಗೆ, ಪ್ರಾಂಶುಪಾಲರು" ಅಂತ ಶುರು ಮಾಡಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ಸೀಲ್ ಇಲ್ಲ ಅಂದ್ರು. ಸೋಮವಾರ ಸೀಲ್ ಹಾಕಿಸಿ ತಂದು ಕೊಡ್ತೇನೆ ಅಂತ ವಾಪಸ್ ತಗೊಂಡು ಬಂದಿದ್ದೇನೆ.